ಬಟ್ಟಲೆಣ್ಣೆಯನ್ನೂ ಎತ್ತಿಟ್ಟ ಮನೆ

ಎರಡು ವಾರದ ಹಿಂದೆ ಒಂದು ಸಾವಿನ ಮನೆಯ ಅಡುಗೆಕೋಣೆಯಲ್ಲಿ ನಿಂತು ಕೊಬ್ಬರಿ ಎಣ್ಣೆ ಹುಡುಕಿದೆ. ಸಿಗಲಿಲ್ಲ.

ಅದರಲ್ಲೇನು ವಿಶೇಷ, ಅಂಗಡಿಯಿಂದ ತಂದರಾಯಿತು ಅಂತೀರಿ. ತಂದರು, ಆ ಮಾತು ಬೇರೆ. ಆದರೆ ಅದು ರುಕ್ಮಣಿ ಅಕ್ಕನ ಅಡುಗೆಕೋಣೆ. ಆ ಮನೆಯಲ್ಲಿ ಕೊಬ್ಬರಿ ಎಣ್ಣೆ ಇಲ್ಲ ಅನ್ನುವುದು, ನಮ್ಮ ಕಡಲಿನಲ್ಲಿ ಉಪ್ಪಿಲ್ಲ ಅಂದ ಹಾಗೆ.

ಈ ಅಂಕಣವನ್ನು ಮೊದಲಿನಿಂದ ಓದುತ್ತಿರುವವರಿಗೆ ಅಕ್ಕ ಗೊತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೊಯಮತ್ತೂರಿನ ಆಚೆ ಸೋಮನೂರು. ಅಲ್ಲೊಂದು ಮಗ್ಗದ ಬೀದಿ. ಮುಂದೆ ಮನೆ, ಹಿಂದೆ ಶೆಡ್ಡು, ಶೆಡ್ಡಿನೊಳಗೆ ನಾಲ್ಕು ಪವರ್‌ಲೂಮ್. ಅದನ್ನು ನಡೆಸುತ್ತಿದ್ದವರು ಅಕ್ಕನ ಯಜಮಾನರು, ರಂಗಸಾಮಿ ಅಣ್ಣ. ತಲೆತಲಾಂತರದಿಂದ ಅಲ್ಲೇ ನೆಲೆಸಿದ ಕನ್ನಡದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ಇಬ್ಬರಿಗೂ ಬಾರದು. (ಹಾಗಾಗಿ ನಾನು ಬರೆದದ್ದನ್ನು ಓದಿ ಹೇಳುವ ಕೆಲಸವೂ ನನ್ನದೇ ಆಗಿತ್ತು. ಅಣ್ಣ ಕೊನೆಯವರೆಗೂ ಕೇಳಿ, "ಇಷ್ಟೇನಾ? ಇದಕ್ಕೊಂದು ವಾರ ಬೇಕಾ?" ಎನ್ನುತ್ತಿದ್ದರು. ನಮ್ಮ ಎಡಿಟರ್ ಕೂಡ ಹಾಗೆ ಕೇಳಿದ್ದಿಲ್ಲ.)

ನಾನು ಉಡುಪಿ ಕಡೆಯವಳು. ಮದುವೆಯಾಗಿ ಕೊಯಮತ್ತೂರಿನ ಗಣಪತಿ ಬಡಾವಣೆಗೆ ಬಂದೆ. ನಮ್ಮ ಯಜಮಾನರಿಗೆ ಇಲ್ಲಿ ಪಂಪು ಮಾಡುವ ಕಂಪನಿಯಲ್ಲಿ ಕೆಲಸ. ಹಾಸನದವರು, ಅಪ್ಪಟ ಕಡಲೆಕಾಯಿ ಎಣ್ಣೆಯ ಮನುಷ್ಯ. ನಾನು ಕೊಬ್ಬರಿ ಎಣ್ಣೆಯಲ್ಲಿ ಮೊದಲ ಒಗ್ಗರಣೆ ಹಾಕಿದ ದಿನ ಅತ್ತೆ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಹಜಾರಕ್ಕೆ ಬಂದರು. "ತಲೆಗೆ ಹಾಕೋ ಎಣ್ಣೇಲಿ ಸಾರು ಮಾಡ್ತಾರೇನೇ?" ಅಂದೇ ನನ್ನ ಎಣ್ಣೆಗೆ ಅಡುಗೆಮನೆಯಿಂದ ಬಚ್ಚಲಿಗೆ ವರ್ಗವಾಯಿತು.

ಹಾಗಿದ್ದಾಗ ಒಮ್ಮೆ ಟವೆಲ್ ಕೊಳ್ಳಲು ಸೋಮನೂರಿಗೆ ಹೋದೆ. ಮಗ್ಗಗಳ ಗದ್ದಲದ ನಡುವೆ ಯಾರೋ "ನೀರ್ ತಕಂಬಾ" ಎಂದು ಕೂಗಿದ್ದು ಕೇಳಿಸಿತು. ಕಿವಿ ನೆಟ್ಟಗಾಯಿತು. ಹೋಗಿ ಮಾತಾಡಿಸಿದೆ. ಮಾತಾಡಿಸಿದ ತಪ್ಪಿಗೆ ಊಟಕ್ಕೇ ಕೂರಿಸಿದರು. ಎಲೆಗೆ ಬಾಳೆಕಾಯಿ ಪೊರಿಯಲ್ ಬಿತ್ತು. ನಾವು ಪಲ್ಯ ಅನ್ನುತ್ತೇವಲ್ಲ, ಅದೇ. ಮೊದಲ ತುತ್ತಿಗೇ ನನ್ನ ಕಣ್ಣು ತುಂಬಿತು.

"ಕಾರ ಆಯ್ತಾ ಕಣ್ಣು?" ಅಕ್ಕ ಗಾಬರಿಯಾದರು. (ಈ ಕಡೆ ಪ್ರೀತಿಯವರೆಲ್ಲ 'ಕಣ್ಣು'.)

ಖಾರವಾಗಿರಲಿಲ್ಲ. ಅಮ್ಮನ ಅಡುಗೆಮನೆಯ ಎಣ್ಣೆ ಅದು. ಇಳಿಸುವ ಮುಂಚೆ ಮೇಲಿನಿಂದ ಒಂದಿಷ್ಟು ಹಸಿಯಾಗಿ ಸುರಿದರೆ ಮಾತ್ರ ಆ ಪರಿಮಳ ಬರುತ್ತದೆ. ಸಮುದ್ರವಿಲ್ಲದ ಈ ಊರಿನಲ್ಲಿ ಅದು ಸಿಕ್ಕೀತು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆಮೇಲೆ ನನಗೆ ಪ್ರತಿ ತಿಂಗಳೂ ಟವೆಲ್ ಬೇಕಾಯಿತು. ನಮ್ಮ ಮನೆಯ ಕಪಾಟು ತೆಗೆದರೆ ಇವತ್ತಿಗೂ ಟವೆಲ್ ಕಾಲ ಮೇಲೆ ಬೀಳುತ್ತವೆ.

ಅಕ್ಕನ ತವರು ಉಡುಮಲೆಯ ಹತ್ತಿರ. (ಈಗ ಹೊಸ ತಿರುಪ್ಪೂರು ಜಿಲ್ಲೆಗೆ ಸೇರಿದೆ. ತೆಂಗಿನಮರಗಳಿಗೆ ಇನ್ನೂ ಗೊತ್ತಾದಂತಿಲ್ಲ.) ಅಲ್ಲಿ ತಮ್ಮನಿಗೊಂದು ತೋಪು. ಊರಿನ ಗಾಣದಲ್ಲಿ ಆಡಿಸಿದ ಎಣ್ಣೆಯನ್ನು ಅವನು ಕ್ಯಾನಿನಲ್ಲಿ ತುಂಬಿ ಅಕ್ಕನ ಮನೆಗೆ ತರುತ್ತಿದ್ದ. ಆ ಕ್ಯಾನಿಗೆ ಆ ಮನೆಯಲ್ಲಿ ಮಾಡಲಾಗದ ಕೆಲಸವೇ ಇರಲಿಲ್ಲ. ಒಗ್ಗರಣೆಗೆ ಅದೇ, ಹಪ್ಪಳಕ್ಕೆ ಅದೇ. ಅರ್ಧ ಈರುಳ್ಳಿಯನ್ನು ಅದರಲ್ಲಿ ಅದ್ದಿ ದೋಸೆಕಾವಲಿಗೆ ಉಜ್ಜುವುದು. ಹಲಸಿನಹಣ್ಣು ಬಿಡಿಸುವ ಮುಂಚೆ ಕೈಗೆ, ಈಳಿಗೆಗೆ. ಒಲೆಯ ಕಿಡಿ ತಾಗಿದರೆ ಅದೇ ಮದ್ದು. ಕಿರುಗುಟ್ಟುವ ಬಾಗಿಲಿಗೆ ಎರಡು ತೊಟ್ಟು. ಮಾರ್ಗಳಿ ತಿಂಗಳ ಚಳಿಗೆ ಎಣ್ಣೆ ಗಟ್ಟಿಯಾದರೆ ಬಾಟಲಿಯನ್ನು ಒಲೆಯ ಪಕ್ಕ ಕೂರಿಸಿ, "ಇದಕ್ಕೂ ಕುಳಿರು, ಪಾವಂ" (ಇದಕ್ಕೂ ಚಳಿ, ಪಾಪ) ಎನ್ನುತ್ತಿದ್ದರು.

ಒಂದು ಜಾಗಕ್ಕೆ ಮಾತ್ರ ಅದಕ್ಕೆ ಪ್ರವೇಶವಿರಲಿಲ್ಲ. ಶೆಡ್ಡು. ನೇಯುವವರ ಮನೆಯಲ್ಲಿ ಬೆಂಕಿಗಿಂತ ಎಣ್ಣೆಕಲೆಗೆ ಹೆಚ್ಚು ಹೆದರುತ್ತಾರೆ. ಬಟ್ಟೆಯ ಮೇಲೆ ಒಂದು ಬೆರಳ ಗುರುತು ಬಿದ್ದರೂ ಆ ಪೀಸು ಹೋಯಿತು. ಹಾಗಾಗಿ ಅಡುಗೆಮನೆಯಿಂದ ಶೆಡ್ಡಿಗೆ ಹೋಗುವವರು ಸೋಪಿನಲ್ಲಿ ಕೈ ತೊಳೆದೇ ಹೋಗಬೇಕು.

ಆದರೆ ನೂಲು ಹಿಡಿದು ಹಿಡಿದು ಅಣ್ಣನ ಬೆರಳ ತುದಿಗಳು ಸೀಳಿರುತ್ತಿದ್ದವು. ಕಡಿದ ಎಳೆ ಹುಡುಕುವುದು, ಗಂಟು ಹಾಕುವುದು, ಮತ್ತೆ ಕಡಿಯುವುದು, ಇದೇ ಇಡೀ ದಿನ. ಅದಕ್ಕೆ ಶೆಡ್ಡು ಮತ್ತು ಅಡುಗೆಮನೆಯ ನಡುವಿನ ಬಾಗಿಲಲ್ಲಿ, ಅಡುಗೆಮನೆಯ ಕಡೆಗೆ, ಒಂದು ಹಿತ್ತಾಳೆಯ ಬಟ್ಟಲು. ಅದರಲ್ಲಿ ಕೊಬ್ಬರಿ ಎಣ್ಣೆ. ಸಂಜೆ ಮಗ್ಗ ನಿಲ್ಲಿಸಿ ಬಂದ ಅಣ್ಣ ಅಲ್ಲೇ ಹೊಸ್ತಿಲ ಮೇಲೆ ಕೂತು ಒಂದೊಂದೇ ಬೆರಳಿಗೆ ಎಣ್ಣೆ ತಿಕ್ಕುತ್ತಿದ್ದರು. ಬಿಡುವಿದ್ದರೆ ಅಕ್ಕನೇ ಎದುರು ಕೂತು ತಿಕ್ಕುತ್ತಿದ್ದರು. ಅವರಿಬ್ಬರೂ ನಿಧಾನವಾಗಿ ಮಾತಾಡುವುದನ್ನು ನಾನು ಕಂಡದ್ದು ಆ ಹೊತ್ತಿನಲ್ಲಿ ಮಾತ್ರ. ಮಗ್ಗ ಓಡುವಾಗ ಆ ಮನೆಯಲ್ಲಿ ಎಲ್ಲರೂ ಕೂಗುತ್ತಿದ್ದರು.

ಎರಡು ವರ್ಷದ ಹಿಂದೆ ಅಣ್ಣನಿಗೆ ಎದೆನೋವು ಬಂತು. ಕೊಯಮತ್ತೂರಿನ ಆಸ್ಪತ್ರೆಗೆ ಸೇರಿಸಿದರು, ಬದುಕಿಕೊಂಡರು. ಮನೆಗೆ ಕಳಿಸುವಾಗ ಡಾಕ್ಟರು ಅಕ್ಕನನ್ನು ಕರೆದು ಕೇಳಿದರಂತೆ: "ಮನೆಯಲ್ಲಿ ಯಾವ ಎಣ್ಣೆ?"

ಅಕ್ಕ ಹೆಮ್ಮೆಯಿಂದಲೇ ಹೇಳಿದ್ದಾರೆ. ತೇಂಗಾಯೆಣ್ಣೆ ಸಾರ್. ನಮ್ಮ ತಮ್ಮನ ತೋಪಿನದು, ಗಾಣದ್ದು, ಕಲಬೆರಕೆ ಇಲ್ಲ.

ಡಾಕ್ಟರು ತಲೆಯಾಡಿಸಿದರು. ಆ ಎಣ್ಣೆಯ ಕೊಬ್ಬು ರಕ್ತನಾಳದಲ್ಲಿ ಕೂತುಬಿಟ್ಟಿದೆ, ಇನ್ನು ಮುಂದೆ ಒಂದು ತೊಟ್ಟೂ ಬೇಡ ಎಂದರು. ಅವರು ಓದಿಕೊಂಡದ್ದನ್ನು ಅವರು ಹೇಳಿದರು, ತಪ್ಪೆನ್ನಲು ನಾನ್ಯಾರು? ಯಾವ ಎಣ್ಣೆ ಒಳ್ಳೆಯದು ಎಂಬ ಜಗಳವನ್ನು ಡಾಕ್ಟರುಗಳೇ ಆಡಿಕೊಳ್ಳಲಿ. ನಾನು ಹೇಳುತ್ತಿರುವುದು ಆ ಮಾತು ಕೇಳಿಸಿಕೊಂಡ ಹೆಂಗಸಿನ ಬಗ್ಗೆ. ಮೂವತ್ತು ವರ್ಷ ಕೈಯಾರೆ ಬಡಿಸಿದವಳಿಗೆ ಅದು ಸಲಹೆಯ ಹಾಗೆ ಕೇಳುತ್ತದೆಯೇ?

ತೀರ್ಪಿನ ಹಾಗೆ ಕೇಳಿತು. ಅಂದೇ ಕ್ಯಾನು ಹೊರಗೆ ಹೋಯಿತು. ಮಗಳು ಕವಿತಾ, ತಿರುಪ್ಪೂರಿನ ಶಾಲೆಯೊಂದರಲ್ಲಿ ಟೀಚರು, ಅಪ್ಪ ಎಂದರೆ ಪ್ರಾಣ. ರಿಫೈನ್ಡ್ ಎಣ್ಣೆಯ ದೊಡ್ಡ ಡಬ್ಬ ತಂದಿಟ್ಟು, "ಅಮ್ಮ, ಇನ್ನ ಇದೇ. ಮಾಮಂಗೆ ನಾನೇ ಫೋನ್ ಮಾಡಿ ಹೇಳ್ತೀನಿ, ಎಣ್ಣೆ ತರಬೇಡ ಅಂತ" ಎಂದಳು. ತಮ್ಮ ಆಮೇಲೆ ಬಂದಾಗಲೆಲ್ಲ ಬರಿಗೈಯಲ್ಲಿ ಬರಲಾಗದೆ ಬಾಳೆಹಣ್ಣು ಹಿಡಿದು ಬರುತ್ತಿದ್ದ.

ಅಣ್ಣ ಹಟ ಮಾಡುವ ಜಾತಿಯಲ್ಲ. ಒಂದು ತುತ್ತು ಬಾಯಿಗಿಟ್ಟು ನನ್ನ ಕಡೆ ನೋಡಿ, "ಅದೇನ್ ಕಣ್ಣು ಇದು, ಎಣ್ಣೆನಾ, ಡಬ್ಬ ತೊಳ್ದ ನೀರಾ?" ಎನ್ನುವರು. ಅಕ್ಕ ಸೌಟು ತೋರಿಸುವರು. ಅಣ್ಣ ಸುಮ್ಮನೆ ಉಣ್ಣುವರು.

ಬಾಗಿಲ ಬಳಿಯ ಬಟ್ಟಲು ಮಾತ್ರ ಉಳಿದಿತ್ತು, ಅಂಗಡಿಯ ಚಿಕ್ಕ ಬಾಟಲಿಯ ಎಣ್ಣೆ ತುಂಬಿಕೊಂಡು. ಕೈಗೆ ಹಚ್ಚುವ ಎಣ್ಣೆಗೆ ಡಾಕ್ಟರ ಆಕ್ಷೇಪ ಇರಲಿಲ್ಲವಲ್ಲ.

ಹೋದ ಪೊಂಗಲ್‌ಗೆ ಹೋಗಿದ್ದಾಗ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ನಕ್ಕರು. "ಈ ಮನುಷ್ಯನ ಕಳ್ತನ ಕೇಳು. ನಾನೂ ನೋಡ್ತಾ ಇದೀನಿ, ಎಣ್ಣೆ ಬಟ್ಲು ಬೇಗ ಬೇಗ ಕಾಲಿ ಆಗ್ತದೆ. ಯಾಕೆ ಅಂತ ಮರೇಲಿ ನಿಂತು ನೋಡಿದ್ರೆ, ಕೈಗೆ ತಿಕ್ಕೊಂಡು, ತೊಳೀದೆ, ಹಂಗೇ ಬಂದು ಅನ್ನ ಕಲಸ್ತಾರೆ. ಕಲಸಿ ಕಲಸಿ ವಾಸನೆ ನೋಡ್ತಾರೆ. ಚಿಕ್ಕ ಮಗೀಗಿಂತ ಕಡೆ."

ನಾನೂ ನಕ್ಕೆ. ನಗದೆ ಇನ್ನೇನು? ಅರವತ್ತು ದಾಟಿದ ಗಂಡಸು ಬೆರಳ ಸಂದಿಯಲ್ಲಿ ರುಚಿ ಕದ್ದು ತರುತ್ತಾನೆ ಎಂದರೆ ನಗು ಬಾರದೆ? ಅಣ್ಣನೂ ಹೊರಗಿನಿಂದ ನಗುತ್ತಿದ್ದರು.

"ಈಗ ಬಟ್ಲೂ ಎತ್ತಿಟ್ಟೆ," ಅಂದರು ಅಕ್ಕ. ತಲೆಗೂ ಬೇರೆ ಏನೋ ಎಣ್ಣೆ ತಂದಿದ್ದರು. ಬೆರಳಿಗೆ ಮೆಡಿಕಲ್ ಶಾಪಿನಿಂದ ಬಿಳಿ ಮುಲಾಮು. ಅಣ್ಣ ಆ ಡಬ್ಬಿಯನ್ನು ನನಗೆ ತೋರಿಸಿ, "ಇದನ್ನ ಅನ್ನದಾಗೆ ಕಲಸಕ್ಕಾಗಲ್ಲ, ಅದಕ್ಕೇ ತಂದವ್ಳೆ. ಬುದ್ಧಿವಂತೆ" ಎಂದರು. ಹೊಗಳಿದರೋ ದೂರಿದರೋ ನನಗೆ ತಿಳಿಯಲಿಲ್ಲ.

ಎರಡು ವಾರದ ಹಿಂದೆ, ಬೆಳಿಗ್ಗೆ, ಕವಿತಾಳ ಫೋನು. "ಆಂಟೀ, ಅಪ್ಪ..." ಅಷ್ಟೇ. ನಾನು ಬಸ್ಸು ಹಿಡಿದೆ. ಕರುಮತ್ತಂಪಟ್ಟಿಯಲ್ಲಿ ಇಳಿದು ಇನ್ನೊಂದು ಬಸ್ಸು. ಆ ಬೀದಿಗೆ ಕಾಲಿಟ್ಟೆ. ಒಂದು ಮಗ್ಗವೂ ಓಡುತ್ತಿರಲಿಲ್ಲ. ಕರೆಂಟು ಹೋದಾಗ ಆ ಬೀದಿ ಹಾಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆಗ ಜನ ಹೊರಗೆ ಬಂದು ಬೈಯುತ್ತಾ ನಿಂತಿರುತ್ತಾರೆ. ಅವತ್ತು ಬೈಯುವವರೂ ಇರಲಿಲ್ಲ.

ಬೆಳಗಿನ ಜಾವ ಮಗ್ಗ ಶುರು ಮಾಡಲು ಎದ್ದ ಅಣ್ಣ ಶೆಡ್ಡಿನ ಬಾಗಿಲಲ್ಲೇ ಕುಸಿದಿದ್ದರು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತನ್ನೂ ಕೊಡಲಿಲ್ಲ.

ಅಕ್ಕ ಅಳುತ್ತಿರಲಿಲ್ಲ. ಗೋಡೆಗೊರಗಿ ಕೂತಿದ್ದರು. ನನ್ನನ್ನು ಕಂಡು, "ಊಟ ಆಯ್ತಾ?" ಎಂದು ಕೇಳಿದರು.

ಆ ಕಡೆ ಒಂದು ಪದ್ಧತಿ ಇದೆ. ಹೆಣಕ್ಕೆ ಸ್ನಾನ ಮಾಡಿಸುವ ಮೊದಲು ಬಂಧುಗಳೆಲ್ಲ ಒಬ್ಬೊಬ್ಬರಾಗಿ ಬಂದು ತಲೆಗೆ ಎಣ್ಣೆ, ತಲೆ ತೊಳೆಯುವ ಅರಪ್ಪು ಸೊಪ್ಪಿನ ಪುಡಿ ಇಡಬೇಕು. ಅದೂ ಅಂಗೈಯಿಂದಲ್ಲ, ಕೈಯ ಹಿಂಭಾಗದಿಂದ. ಬದುಕಿದ್ದವರಿಗೆ ಎಣ್ಣೆ ಒತ್ತುವ ಹಾಗೆ ಸತ್ತವರಿಗೆ ಒತ್ತಬಾರದು ಎಂದು. ಅಂಗಳದಲ್ಲಿ ಅಣ್ಣನನ್ನು ಬೆಂಚಿನ ಮೇಲೆ ಮಲಗಿಸಿದ್ದರು. ಅರಪ್ಪು ಕಲಸಿಟ್ಟಾಗಿತ್ತು. ಇದನ್ನೆಲ್ಲ ಮುಂದೆ ನಿಂತು ಮಾಡಿಸುತ್ತಿದ್ದ ಬೀದಿಯ ಹಿರಿಯ ಅಜ್ಜಿ ನನ್ನ ಕಡೆ ತಿರುಗಿ, "ಎಣ್ಣೆ ಎಲ್ಲಿ? ಒಳಗಿಂದ ತಕಂಬಾ" ಎಂದರು.

ಹೋದೆ. ಮೇಲಿನ ಶೆಲ್ಫು, ಕೆಳಗಿನ ಶೆಲ್ಫು, ಒಲೆಯ ಪಕ್ಕ. ರಿಫೈನ್ಡ್ ಡಬ್ಬ ಒಂದೇ. ಬಾಗಿಲ ಬಳಿ ನೋಡಿದೆ. ಬಟ್ಟಲು ಇಡುತ್ತಿದ್ದ ಜಾಗದಲ್ಲಿ ಹಳೆಯ ಎಣ್ಣೆಯ ದುಂಡನೆಯ ಗುರುತು ಇತ್ತು. ಅದರ ಮೇಲೆ ಮುಲಾಮಿನ ಡಬ್ಬಿ.

ಪಕ್ಕದ ಮನೆಯವರು ತಮ್ಮಲ್ಲಿದ್ದ ನಲ್ಲೆಣ್ಣೆ ತಂದರು. ಎಳ್ಳೆಣ್ಣೆ. ಶಾಸ್ತ್ರಕ್ಕೆ ಅದೂ ಆಗುತ್ತದೆ, ಬಹಳ ಮನೆಗಳಲ್ಲಿ ಅದೇ. ಆಗ ಅಕ್ಕ ಬೆಳಗಿನಿಂದ ಮೊದಲ ಸಲ ಗಟ್ಟಿಯಾಗಿ ಮಾತಾಡಿದರು. "ಅದು ಬೇಡ. ತೇಂಗಾಯೆಣ್ಣೆ ತನ್ನಿ."

ಬಿಸಿಲೇರುತ್ತಿತ್ತು. ನೆಂಟರು ಕಾಯುತ್ತಿದ್ದರು. ಯಾರೋ, "ಯಾವ ಎಣ್ಣೆ ಆದ್ರೇನಮ್ಮ ಈಗ" ಎಂದರು. ಅಕ್ಕ ಜಗ್ಗಲಿಲ್ಲ. ಪಕ್ಕದ ಮನೆಯವರು ಸ್ಕೂಟರಿನಲ್ಲಿ ಹೋಗಿ ಅಂಗಡಿಯಿಂದ ಒಂದು ಬಾಟಲಿ ತಂದರು.

ಮುಚ್ಚಳ ತೆಗೆದರು. ಪರಿಮಳ ಬಂತು. ಅಕ್ಕ ಆಗ ಅತ್ತರು. ಆ ಅಳುವನ್ನು ನಾನು ಇಲ್ಲಿ ಬರೆಯಲಾರೆ.

ಎಲ್ಲರೂ ಎಣ್ಣೆ ಇಟ್ಟರು. ಕೊನೆಗೆ ಅಕ್ಕನ ಸರದಿ. ಅಜ್ಜಿ ಹೇಳಿಕೊಟ್ಟ ಹಾಗೆ ಕೈಯ ಹಿಂಭಾಗದಿಂದ ತಲೆಗೆ ಮುಟ್ಟಿಸಿದರು. ಇನ್ನು ಏಳಬೇಕು. ಏಳಲಿಲ್ಲ. ಬಾಟಲಿ ಬಗ್ಗಿಸಿ ಅಂಗೈಗೆ ಎಣ್ಣೆ ಸುರಿದುಕೊಂಡರು. ಅಣ್ಣನ ಬಲಗೈ ಎತ್ತಿ ಮಡಿಲಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಶುರು ಮಾಡಿದರು.

"ಕೈಗಲ್ಲ ಕಣ್ಣು, ತಲೆಗೆ. ಅಂಗೈಲಿ ಇಡಬಾರದು," ಅಜ್ಜಿ ಮೆಲ್ಲಗೆ ಹೇಳಿದರು. ಅಕ್ಕನಿಗೆ ಕೇಳಿಸಲಿಲ್ಲ. ಒಂದೊಂದೇ ಬೆರಳು, ಸೀಳಿನೊಳಗೆ ಇಳಿಯುವ ಹಾಗೆ, ಸಂಜೆ ಹೊಸ್ತಿಲ ಮೇಲೆ ಕೂತು ತಿಕ್ಕುತ್ತಿದ್ದ ಹಾಗೆ. ನಡುವೆ ಏನೋ ಮಾತು ಬೇರೆ. "ಏನುಂಗ, ಉರೀತದಾ?" ಎಂದು ಕೇಳಿದ್ದು ಮಾತ್ರ ನನಗೆ ಕೇಳಿಸಿತು. ಅಜ್ಜಿ ಮುಖ ಆಚೆ ತಿರುಗಿಸಿಕೊಂಡರು. ಎರಡೂ ಕೈ ಮುಗಿಯುವವರೆಗೆ ಯಾರೂ ಅಕ್ಕನನ್ನು ಏಳಿಸಲಿಲ್ಲ.

ಎಲ್ಲ ಮುಗಿದು, ಮನೆ ತೊಳೆದು, ಜನ ಚದುರಿದ ಮೇಲೆ ಅಕ್ಕನ ಪಕ್ಕ ಕೂತೆ. ಅವರು ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.

"ನಾನೇ ಕೊಂದೆ ಕಣ್ಣು. ಮುಪ್ಪತ್ತು ವರ್ಷ ಈ ಕೈಯಾಗೇ ಹಾಕಿ ಹಾಕಿ ಕೊಂದೆ."

"ಅಕ್ಕ, ಹಾಗೆಲ್ಲ ಹೇಳಬೇಡಿ. ಎರಡು ವರ್ಷದಿಂದ ಒಂದು ತೊಟ್ಟೂ ಹಾಕಿಲ್ಲವಲ್ಲ ನೀವು."

ಸಮಾಧಾನ ಮಾಡಲು ಹೊರಟವಳು ನಾನು. ಎಂಥ ಮಾತು ಆಡಿಬಿಟ್ಟೆ ನೋಡಿ.

"ಅದೇ," ಎಂದರು ಅಕ್ಕ. "ನಿನ್ನೆ ರಾತ್ರಿ ಉಣ್ಣೋವಾಗ ಕೇಳಿದ್ರು. ಒಂದೇ ಒಂದು ದಿನ ಬಾಳೆಕಾಯಿ ಪೊರಿಯಲ್ ಹಳೇ ಮಾದರಿ ಮಾಡು ಅಂದ್ರು. ನಾನು, ಬರೋ ವಾರ ಚೆಕಪ್ ಐತೆ, ಡಾಕ್ಟ್ರು ಚೆನ್ನಾಗೈತೆ ಅನ್ಲಿ, ಮಾಡ್ತೀನಿ ಅಂದೆ. ಸರಿ ಅಂದ್ರು. ಬಟ್ಲೂ ಎತ್ತಿಟ್ಟಿದ್ದೆ. ಆಸೆ ಮಡಿಕ್ಕೊಂಡೇ ಹೋದ್ರು." ಅಂಗೈ ಮಗುಚಿ ನೋಡಿಕೊಂಡು, "ಹಾಕಿದ್ದಕ್ಕೆ ಹೋದ್ರಾ ಕಣ್ಣು, ಹಾಕದೆ ಇದ್ದಿದ್ದಕ್ಕೆ ಹೋದ್ರಾ?"

ವಾರ ವಾರ ಊರಿಗೆಲ್ಲ ಉತ್ತರ ಹೇಳುವ ಬಾಯಿ ಇದು. ಅವತ್ತು ಅಕ್ಕನ ಆ ಕೈಯನ್ನು ನನ್ನ ಕೈಯಲ್ಲಿ ಹಿಡಿದು ಕೂತೆ.

ಬಸ್ಸಿನಲ್ಲಿ ಬರುವಾಗ ಮಾತ್ರ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಟಿವಿ ಹಾಕಿ ನೋಡಿ, ನಿಮಗೇ ಗೊತ್ತಾಗುತ್ತದೆ. ಗಂಡ ನಗುತ್ತಾ ಮೆಟ್ಟಿಲು ಹತ್ತುತ್ತಾನೆ, ಹೆಂಡತಿ ಅಡುಗೆಮನೆಯಲ್ಲಿ ಎಣ್ಣೆ ಪ್ಯಾಕೆಟ್ ಹಿಡಿದು ನಿಂತಿರುತ್ತಾಳೆ. ಗಂಡನ ಹೃದಯ ಅವಳ ಜವಾಬ್ದಾರಿಯಂತೆ. ಅಲ್ಲ ಸ್ವಾಮೀ, ಆ ಹೃದಯ ಅಡುಗೆಮನೆಯಲ್ಲಿ ಮಾತ್ರ ಬದುಕಿತ್ತೇ? ಅಣ್ಣ ವರ್ಷಗಟ್ಟಲೆ ನುಂಗಿದ ಹತ್ತಿಯ ಧೂಳು ಎಲ್ಲಿ ಹೋಯಿತು? ಶೆಡ್ಡಿನ ಹಿಂದೆ ಸೇದಿದ ಬೀಡಿ? ಕರೆಂಟು ಬಂದಾಗ ಎದ್ದು, ಹೋದಾಗ ಮಲಗಿ, ನಿದ್ದೆಗೆ ಹೊತ್ತುಗೊತ್ತೇ ಇಲ್ಲದ ಆ ರಾತ್ರಿಗಳು? "ಮನೆಯಲ್ಲಿ ಯಾವ ಎಣ್ಣೆ" ಎಂದು ಹೆಂಡತಿಯನ್ನು ಕೇಳಿದರು. "ಶೆಡ್ಡಿನಲ್ಲಿ ಎಂಥ ಗಾಳಿ" ಎಂದು ಯಾರನ್ನಾದರೂ ಕೇಳಿದರೇ?

'ಊಟ ಬಲ್ಲವನಿಗೆ ರೋಗವಿಲ್ಲ' ಅನ್ನುತ್ತೇವೆ. ರೋಗ ಬಂದರೆ ಹಾಗಾದರೆ ತಪ್ಪು ಯಾರದು? ಬಡಿಸಿದವಳದು. ಗಾದೆಯನ್ನೂ ಅವಳ ತಲೆಗೇ ಕಟ್ಟಿಬಿಟ್ಟಿದ್ದೇವೆ.

ಮೊನ್ನೆ ಭಾನುವಾರ ಕರ್ಮದ ದಿನ. ಹೋಗಿದ್ದೆ. ಅವತ್ತು ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಫೋಟೋದ ಮುಂದೆ ಎಲೆ ಹಾಕಿ ಬಡಿಸುತ್ತಾರೆ. ಅಡುಗೆಗೆ ನಾನೂ ಕೈ ಹಾಕಿದೆ. ಕವಿತಾ ಬಾಳೆಕಾಯಿ ಹೆಚ್ಚುತ್ತಿದ್ದಳು. ಹೆಚ್ಚಿದ್ದನ್ನು ನೀರಿಗೆ ಹಾಕಿ, ಅದನ್ನೇ ನೋಡುತ್ತಾ ಕೂತಿದ್ದಳು. ಅವಳಿಗೂ ಗೊತ್ತಾಗಿದೆ, ಅಪ್ಪ ಕೊನೆಯ ರಾತ್ರಿ ಏನು ಕೇಳಿದ್ದರೆಂದು.

ಆಗ ಅಕ್ಕನ ತಮ್ಮ ಉಡುಮಲೆಯಿಂದ ಬಂದ. ಕೈಯಲ್ಲಿ ಕ್ಯಾನು. ಅಡುಗೆಮನೆಯ ಬಾಗಿಲವರೆಗೆ ಬಂದವನು ಅಲ್ಲೇ ನಿಂತ. ತರಬಾರದು ಎಂದಿದ್ದ ಮನೆ. ಒಳಗಿಡುವುದೋ, ವಾಪಸ್ ಒಯ್ಯುವುದೋ ಗೊತ್ತಾಗದೆ ಕವಿತಾಳ ಮುಖ ನೋಡಿದ.

ಕವಿತಾ ಎದ್ದು ಹೋಗಿ ಕ್ಯಾನು ಇಸಿದುಕೊಂಡಳು. "ಕೊಡಿ ಮಾಮ." ಅಷ್ಟು ಹೇಳಿ ಅದನ್ನು ಅಮ್ಮನ ಪಕ್ಕ ಒಲೆಯ ಹತ್ತಿರ ತಂದಿಟ್ಟಳು. ರಿಫೈನ್ಡ್ ಡಬ್ಬವನ್ನು ಯಾರಿಗೂ ಹೇಳದೆ ಕೆಳಗಿಳಿಸಿದಳು.

ಅಕ್ಕ ಬಾಣಲೆ ಇಟ್ಟರು. ಸಾಸಿವೆ, ಮೆಣಸಿನಕಾಯಿ, ಕರಿಬೇವು ಎಲ್ಲ ತಟ್ಟೆಯಲ್ಲಿ ಸಿದ್ಧವಾಗಿದ್ದವು. ಕ್ಯಾನು ಬಗ್ಗಿಸಿ ಸೌಟಿಗೆ ಎಣ್ಣೆ ಸುರಿದುಕೊಂಡರು. ಬಾಣಲೆ ಕಾಯುತ್ತಿತ್ತು. ಅಕ್ಕನ ಕೈ ಮುಂದಕ್ಕೆ ಹೋಗಲಿಲ್ಲ. ಸೌಟು ಹಾಗೇ ಗಾಳಿಯಲ್ಲಿ ನಿಂತಿತು.

ಆಮೇಲೆ ನನ್ನ ಕಡೆ ತಿರುಗಿ, ನಾನೇ ಆ ಡಾಕ್ಟರು ಎಂಬ ಹಾಗೆ, ಕೇಳಿದರು:

"ಈಗ ಹಾಕಬೋದಲ್ಲ ಕಣ್ಣು?"